ಹೊಸ ಗಾಡಿಯೋ, ಹಳೆಯ ಗಾಡಿಯೋ?

ಎತ್ತು ಕೊಳ್ಳಲು ಜಾತ್ರೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು. ಆಮೇಲೆ ಸುಳಿ, ಗೊರಸು, ನಡಿಗೆ. ಎಲ್ಲವೂ ಒಪ್ಪಿತವಾದರೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಇಂದು ಭಟ್ಕಳ, ಹೊನ್ನಾವರ, ಕುಮಟಾಗಳ ಎಷ್ಟೋ ಮನೆಗಳಲ್ಲಿ ಆ ಎತ್ತಿನ ಸ್ಥಾನಕ್ಕೆ ಪಿಕಪ್ ಗಾಡಿ ಬಂದು ನಿಂತಿದೆ. ಅದಕ್ಕೂ ಹಲ್ಲುಗಳಿಲ್ಲದೆ ಇಲ್ಲ. ಆದರೆ ಅವು ಗೇರ್ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಬಾಯಿ ತೆರೆದು ವಯಸ್ಸು ತಿಳಿಯುವ ಉಪಾಯ ಅಲ್ಲಿ ನಡೆಯದು.

ಗಾಡಿ ಕೊಳ್ಳುವವನು ಮೀನಿನ ವ್ಯಾಪಾರಿಯೋ ಅಂಗಡಿಕಾರನೋ ಆಗಿರಬಹುದು; ಪಟ್ಟಣದ ಗೃಹಸ್ಥರಿಗೆ ಅದರಿಂದೇನು ಎಂದು ಕೇಳುವವರುಂಟು. ನಿವೃತ್ತ ಶಿಕ್ಷಕರನ್ನೋ ಬ್ಯಾಂಕಿನಲ್ಲಿ ಖಾತೆಯುಳ್ಳ ನೌಕರರನ್ನೋ ಹುಡುಕಿಕೊಂಡು ಬರುವ ಜಾಮೀನಿನ ಕಾಗದ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಸಾಲಗಾರ ಕಂತು ನಿಲ್ಲಿಸಿದ ದಿನ ಜಾಮೀನುದಾರನ ಮನೆಯ ಬಾಗಿಲಿಗೂ ನೋಟೀಸು ಬರುತ್ತದೆ. ಪದವಿ ಮುಗಿಸಿದ ಮಗ ನೌಕರಿಗೆ ಕಾಯದೆ ಸ್ವಂತ ಉದ್ಯೋಗ ಮಾಡುತ್ತೇನೆಂದು ಹೊರಟರಂತೂ ಅದು ಮನೆಯೊಳಗಿನ ಪ್ರಶ್ನೆಯೇ ಆಗಿಬಿಡುತ್ತದೆ.

ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಗಾಡಿಗೆ ಕೆಲಸವಿಲ್ಲವೆಂಬ ಮಾತೇ ಇಲ್ಲ. ಭಟ್ಕಳದ ಬಂದರು, ತೆಂಗಿನಗುಂಡಿ, ಹೊನ್ನಾವರದ ಕಾಸರಕೋಡು, ಕುಮಟಾದ ತದಡಿ — ಇಲ್ಲಿಂದ ಬಂಗಡೆ ತಾರ್ಲೆಗಳ ಕ್ರೇಟುಗಳು ನಸುಕಿನಲ್ಲೇ ಹೊರಡುತ್ತವೆ. ಕಟ್ಟಡದ ಚಿರೆಕಲ್ಲು, ತೆಂಗಿನಕಾಯಿ, ಅಡಕೆಯ ಚೀಲ, ಸಾಣಿಕಟ್ಟೆಯ ಉಪ್ಪು, ಬೇಸಗೆಯಲ್ಲಿ ಕುಮಟಾದ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ, ಇವೆಲ್ಲ ಹೊರೆಗಳೇ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಲಾರಿ ಹಿಡಿಯದ ಓಣಿಗೂ ಸಾಮಾನು ತಲುಪುವಂತಾಯಿತು. ಮಹೀಂದ್ರದ ಬೊಲೆರೋ ಪಿಕಪ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡಿನ ದೋಸ್ತ್, 2016ರ ಮಾರುತಿ ಸೂಪರ್ ಕ್ಯಾರಿ, 2019ರ ಟಾಟಾ ಇಂಟ್ರಾ — ಹೀಗೆ ಆಯ್ಕೆ ಬೆಳೆಯುತ್ತಲೇ ಹೋಯಿತು. ಆದರೆ ಯಾವ ಕಂಪನಿಯದೆಂಬುದು ಎರಡನೆಯ ಪ್ರಶ್ನೆ. ಹೊಸತೋ ಹಳೆಯದೋ ಎಂಬುದೇ ಮೊದಲನೆಯದು. ಅದಕ್ಕಿಂತಲೂ ಮೊದಲು ಕೇಳಬೇಕಾದುದು, ಗಾಡಿಯಲ್ಲಿ ಏನನ್ನು ಹೇರುವಿರಿ ಎಂಬುದು.

ಏಕೆಂದರೆ ಕರಾವಳಿಯಲ್ಲಿ ಗಾಡಿಯ ಆಯುಷ್ಯವನ್ನು ನಿರ್ಣಯಿಸುವುದು ಎಂಜಿನಿಗಿಂತ ಹೆಚ್ಚಾಗಿ ಉಪ್ಪು. ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿ, ಉಪ್ಪುಂಡ ನೀರು ತೊಟ್ಟಿಯ ಸಂದುಗಳಿಂದ ತೊಟ್ಟಿಕ್ಕುತ್ತ ಛಾಸಿಗೆ ಇಳಿಯುತ್ತದೆ. ತೇವವಿದ್ದರೆ ಸಾಕು ಕಬ್ಬಿಣ ತುಕ್ಕು ಹಿಡಿಯುತ್ತದಷ್ಟೆ. ಅದರೊಡನೆ ಉಪ್ಪೂ ಸೇರಿದರೆ ನೀರು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುವುದರಿಂದ ತುಕ್ಕಿನ ಕ್ರಿಯೆ ಹಲವು ಪಟ್ಟು ಚುರುಕಾಗುತ್ತದೆ. ಮೇಲಿನಿಂದ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ, ಪಕ್ಕದಿಂದ ಕಡಲ ಗಾಳಿ. ಘಟ್ಟದ ಮೇಲೆ ಒಣ ಹವೆಯಲ್ಲಿ ಏಳು ವರ್ಷ ಜೋಳದ ಚೀಲ ಹೊತ್ತ ಗಾಡಿಯೂ, ಇಲ್ಲಿ ಮೂರು ವರ್ಷ ಮೀನು ಹೊತ್ತ ಗಾಡಿಯೂ ಎದುರುಬದುರು ನಿಂತರೆ ವಯಸ್ಸಾದುದು ಯಾವುದೆಂದು ಹೇಳುವುದು ಕಷ್ಟ. ನೋಂದಣಿ ಪತ್ರದಲ್ಲಿ ವರ್ಷವಿರುತ್ತದೆ, ಹೊರೆ ಇರುವುದಿಲ್ಲ.

ಇನ್ನು ಹಣದ ವಿಚಾರ. ಲೆಕ್ಕದ ಅನುಕೂಲಕ್ಕಾಗಿ ಹೊಸ ಗಾಡಿಗೆ ಎಲ್ಲ ಸೇರಿ 10 ಲಕ್ಷ ರೂಪಾಯಿ ಎಂದೂ ನಾಲ್ಕು ವರ್ಷದ ಹಳೆಯದಕ್ಕೆ 5 ಲಕ್ಷ ಎಂದೂ ಇಟ್ಟುಕೊಳ್ಳೋಣ. ಎರಡರಲ್ಲಿಯೂ ಕೈಯಿಂದ ಹಾಕುವುದು 2 ಲಕ್ಷ. ಹೊಸ ಗಾಡಿಯ ಉಳಿದ 8 ಲಕ್ಷವನ್ನು ಶೇಕಡ 10ರ ಬಡ್ಡಿಗೆ ಐದು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 17,000 ರೂಪಾಯಿ. ಬಡ್ಡಿಯೇ 2 ಲಕ್ಷ 20 ಸಾವಿರದಷ್ಟು. ಹಳೆಯ ಗಾಡಿಗೆ ಬಡ್ಡಿಯ ದರ ಯಾವಾಗಲೂ ಹೆಚ್ಚು, ಅವಧಿ ಕಡಿಮೆ. 3 ಲಕ್ಷವನ್ನು ಶೇಕಡ 16ರಂತೆ ಮೂರು ವರ್ಷಕ್ಕೆ ತಂದರೆ ಕಂತು ಸುಮಾರು 10,550. ಬಡ್ಡಿ 80 ಸಾವಿರದ ಹತ್ತಿರ. ದರ ಕೇಳಿ ಹೆದರುವವರು ಮೊತ್ತವನ್ನು ಕೂಡಿ ನೋಡುವುದಿಲ್ಲ.

ಆದರೆ ಈ ಲೆಕ್ಕ ಹುಬ್ಬಳ್ಳಿಗೆ ಸರಿ, ಕಾಸರಕೋಡಿಗೆ ಸಾಲದು. ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿ ಉಳಿಯಲು ಅದು ಬೇಕೇ ಬೇಕು. ಆದರೆ ಬೋಟು ದಡದಲ್ಲಿ ನಿಂತಾಗ ಗಾಡಿಯೂ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಅಂದರೆ ಹನ್ನೆರಡು ತಿಂಗಳ ಕಂತನ್ನು ಹತ್ತು ತಿಂಗಳಲ್ಲಿ ದುಡಿಯಬೇಕು: ಹೊಸ ಗಾಡಿಗೆ ತಿಂಗಳಿಗೆ 20,400, ಹಳೆಯದಕ್ಕೆ 12,700ರ ಸುಮಾರು. ಸಾಲದುದಕ್ಕೆ ಹೆದ್ದಾರಿಯೇ ಕೈಕೊಡುವುದುಂಟು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದಾಗ, ಕುಮಟಾದಿಂದ ಉತ್ತರಕ್ಕೆ ಹೋಗಬೇಕಾದ ಗಾಡಿಗಳು ಎಷ್ಟೋ ದಿನ ಸುತ್ತುಬಳಸಿ ಹೋಗಬೇಕಾಯಿತು, ಇಲ್ಲವೇ ನಿಲ್ಲಬೇಕಾಯಿತು. ಪ್ರಾಣವನ್ನೇ ಕಳೆದುಕೊಂಡವರ ಮುಂದೆ ಇದೊಂದು ನಷ್ಟವಲ್ಲ ನಿಜ. ಕಂತಿನ ತಾರೀಕಿಗೆ ಮಾತ್ರ ಆ ವಿವೇಚನೆಯಿಲ್ಲ.

ಕಳೆದೆರಡು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ನಮ್ಮ ಮನೆಗೆ ಬಂದಿದ್ದ. ಮೀನಿನ ಮನೆತನ. ಸಾಲದ ಒಪ್ಪಂದ ಇಂಗ್ಲಿಷಿನಲ್ಲಿದ್ದುದರಿಂದ ಅದನ್ನು ಓದಿ ಹೇಳಬೇಕೆಂಬುದು ಅವರ ಕೋರಿಕೆ. ಹುಡುಗನಿಗೆ ಹೊಸ ಗಾಡಿಯೇ ಬೇಕು. "ಸರ್, ಹಳೆಯದು ತಂದರೆ ದಿನಾ ಗ್ಯಾರೇಜಿನಲ್ಲೇ ಇರಬೇಕಾಗುತ್ತದೆ" ಎಂದ. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಮಾಸ್ತರೇ, ಇವನ ಆಯಿಯ ಬಳೆ ಬ್ಯಾಂಕಿನಲ್ಲಿದೆ. ಮಗಳ ಮದುವೆಗೆ ಮೊದಲು ಅದು ಮನೆಗೆ ಬರಬೇಕು. ಯಾವ ಗಾಡಿಯಾದರೆ ಬೇಗ ಬರುತ್ತದೆ, ಅದೊಂದು ಹೇಳಿ" ಎಂದರು. ಗಾಡಿಯ ವಿಷಯವಾಗಿ ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದುದು ಇನ್ನೊಂದಿಲ್ಲ.

ಮೂವರೂ ಕುಳಿತು ಮೇಲಿನ ಲೆಕ್ಕವನ್ನೇ ಹಾಕಿದೆವು. ಎರಡು ಕಂತುಗಳ ನಡುವಿನ ವ್ಯತ್ಯಾಸ ವರ್ಷಕ್ಕೆ 77 ಸಾವಿರದಷ್ಟಾಗುತ್ತದೆ. ಆದರೆ ಅದನ್ನು ಉಳಿತಾಯವೆಂದು ಎಣಿಸಬಾರದು. ನಾಲ್ಕು ಟೈರು, ಕ್ಲಚ್ಚು, ಬ್ಯಾಟರಿ, ಸ್ಪ್ರಿಂಗಿನ ಪ್ಲೇಟು — ಹಳೆಯ ಗಾಡಿ ಈ ಹಣವನ್ನು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ. ಅದನ್ನು ಬೇರೆಯೇ ಖಾತೆಯಲ್ಲಿ ಇಡಬಲ್ಲ ಮನೆಗೆ ಹಳೆಯ ಗಾಡಿ ಒಗ್ಗುತ್ತದೆ. ಕೈಗೆ ಬಂದುದನ್ನು ಖರ್ಚುಮಾಡುವ ಮನೆಗೆ ಹೊಸ ಗಾಡಿಯ ದೊಡ್ಡ ಕಂತೇ ಒಂದು ಕಟ್ಟುಪಾಡಾಗಿ ಕೆಲಸ ಮಾಡೀತು. ಆ ಮನೆಯವರು ಕೊನೆಗೆ ಘಟ್ಟದ ಮೇಲಿನಿಂದ, ಕಿರಾಣಿ ಸಾಮಾನು ಸಾಗಿಸುತ್ತಿದ್ದ ಗಾಡಿಯೊಂದನ್ನು ತಂದರು. ಬಳೆ ಮದುವೆಗೆ ಮೊದಲೇ ಬಂತು. ಎರಡನೆಯ ವರ್ಷದಲ್ಲಿ ಕ್ಲಚ್ಚೂ ಹೋಯಿತು, ಅದನ್ನೂ ಹೇಳಬೇಕು.

ಹೊಸ ಗಾಡಿಯ ಪರವಾಗಿ ಹೇಳತಕ್ಕ ಮಾತು ಕಡಿಮೆಯೇನಲ್ಲ. ವಾರಂಟಿ ಇರುತ್ತದೆ, ಯೋಗ್ಯತಾ ಪತ್ರ ಮೊದಲ ಬಾರಿಗೆ ಎರಡು ವರ್ಷಕ್ಕೆ ಸಿಗುತ್ತದೆ. ಎಂಟು ವರ್ಷ ದಾಟಿದ ಸಾಗಣೆ ಗಾಡಿಯನ್ನು ವರ್ಷ ವರ್ಷವೂ ತಪಾಸಣೆಗೆ ಒಯ್ಯಬೇಕು. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಈ ಇಳಿತ ಪೂರ್ತಿಯಾಗಿ ಗಿರಾಕಿಗೆ ತಲುಪಿದರೆ ಅಂಗಡಿಯ ಬೆಲೆ ನೂರಕ್ಕೆ ಎಂಟರ ಹತ್ತಿರ ಕಡಿಮೆಯಾಗುತ್ತದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕಾದುದು ನ್ಯಾಯ. ತೆರಿಗೆ ಇಳಿಯುವ ಮುಂಚಿನ ಬೆಲೆಯನ್ನೇ ಹಿಡಿದು ಕೂತ ಮಾರಾಟಗಾರನಿಗೆ ಈ ಮಾತನ್ನು ನೆನಪಿಸಲು ಸಂಕೋಚಪಡಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಭಾರತ್ ಹಂತ 6ರ ಎಂಜಿನುಗಳೇ ಮಾರಾಟವಾಗುತ್ತಿವೆ. ಅವುಗಳ ಡೀಸೆಲ್ ಮಾದರಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಶೋಧಕವಿರುತ್ತದೆ. ಮಸಿ ತುಂಬಿದಾಗ ಎಂಜಿನೇ ಅದನ್ನು ಬಿಸಿಮಾಡಿ ಸುಟ್ಟುಹಾಕಬೇಕು. ಇದಕ್ಕೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದ ಓಟ ಬೇಕು. ದಿನವಿಡೀ ಬಂದರಿಂದ ಪೇಟೆಗೆ, ಪೇಟೆಯಿಂದ ಬಂದರಿಗೆ ಎರಡು ಮೂರು ಮೈಲಿ ಓಡುವ ಗಾಡಿಯಲ್ಲಿ ಅದು ಕಟ್ಟಿಕೊಂಡು ದೀಪ ಹೊತ್ತಿಕೊಳ್ಳುತ್ತದೆ. ಅಂಥವರಿಗೆ ಪೆಟ್ರೋಲು ಅಥವಾ ಸಿ.ಎನ್.ಜಿ.ಯ ಚಿಕ್ಕ ಗಾಡಿ ಲೇಸು. ಹಂತ 4ರ ಹಳೆಯ ಗಾಡಿಯನ್ನು ಊರ ಗ್ಯಾರೇಜಿನವನೇ ಬಿಚ್ಚಿ ಜೋಡಿಸಬಲ್ಲ ಎಂಬುದು ನಿಜವೇ. ಆದರೆ ಅವು ವರ್ಷದಿಂದ ವರ್ಷಕ್ಕೆ ಮುದಿಯಾಗುತ್ತಿವೆ.

ಹಳೆಯದೇ ಸರಿ ಎಂದು ನಿಶ್ಚಯಿಸಿದವರು ಮೊದಲು ಮೊಣಕಾಲೂರಿ ಗಾಡಿಯ ಕೆಳಗೆ ನೋಡಬೇಕು. ಅಡಿಯಲ್ಲಿ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬಾರದು, ಸಂಶಯಪಡಬೇಕು. ಛಾಸಿಯ ಉದ್ದಕ್ಕೂ ಚಿಕ್ಕ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತಿಂದುಹೋದ ಜಾಗ ಒಡಕು ಮಡಕೆಯಂತೆ ಸದ್ದು ಮಾಡುತ್ತದೆ. ಮುಂಜಾನೆ, ಎಂಜಿನು ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆನ್ನಿ. ನೀಲಿ ಹೊಗೆ ಬಿಡದೆ ಬಂದರೆ ಎಣ್ಣೆ ಸುಡುತ್ತಿದೆ ಎಂದು ಅರ್ಥ. ಮೀಟರಿನ ಅಂಕಿಯನ್ನು ತಿದ್ದಬಹುದು, ಸವೆದ ಪೆಡಲಿನ ರಬ್ಬರನ್ನೂ ನುಣುಪಾದ ಸ್ಟೀರಿಂಗನ್ನೂ ತಿದ್ದುವವರು ಕಡಿಮೆ. ಸೀಟಿನ ಅಡಿಯಲ್ಲಿ ಒಣಗಿದ ಕೆಸರೋ ಮುಗ್ಗಲು ವಾಸನೆಯೋ ಇದ್ದರೆ ಅದು ನೆರೆಯಲ್ಲಿ ಮುಳುಗಿದ ಗಾಡಿ. 2022ರ ಆಗಸ್ಟಿನ ಮಳೆಯಲ್ಲಿ ಭಟ್ಕಳ ಪೇಟೆಗೇ ನೀರು ನುಗ್ಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಖಾಲಿ ಗಾಡಿಯ ಓಟ ಪರೀಕ್ಷೆಯೇ ಅಲ್ಲ. ಹೊರೆ ಹಾಕಿಸಿ, ಗೇರುಸೊಪ್ಪೆಯ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಹತ್ತಿಸಿ ನೋಡಬೇಕು. ಹೊರೆಯ ಮಾತು ಬಂದುದರಿಂದ: ಒಂದು ಚಿರೆಕಲ್ಲು 30 ಕಿಲೋ ಎಂದು ಹಿಡಿದರೂ 50 ಕಲ್ಲಿಗೇ ಒಂದೂವರೆ ಟನ್ನು. ನೂರು ಕಲ್ಲು ಹೇರಿದ್ದ ಗಾಡಿಯ ಹಿಂಭಾಗದ ಪ್ಲೇಟುಗಳು ಅದನ್ನು ಮುಚ್ಚಿಡಲಾರವು.

ಕಬ್ಬಿಣಕ್ಕಿಂತ ಕಾಗದ ಹೆಚ್ಚು ಅಪಾಯಕಾರಿ. ಹೊನ್ನಾವರದ ಸಾರಿಗೆ ಕಛೇರಿಯ ಕೆಎ-47 ಸಂಖ್ಯೆಯ ಗಾಡಿಯಾದರೆ ವಿಚಾರಿಸುವುದು ಸುಲಭ. ಬೇರೆ ರಾಜ್ಯದ್ದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಹಿಂದಿನ ಸಾಲ ತೀರಿದ್ದರೆ 35ನೆಯ ನಮೂನೆಯಲ್ಲಿ ಸಾಲ ಕೊಟ್ಟವರ ಸಹಿ ಇರಲೇಬೇಕು. ಮಾರುವವರು 29ನೆಯ ನಮೂನೆಯನ್ನು 14 ದಿನಗಳೊಳಗೆ ಕೊಡಬೇಕು. ಕೊಳ್ಳುವವರು 30 ದಿನಗಳೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು. ಪರಿವಾಹನ ಜಾಲತಾಣದಲ್ಲಿ ಗಾಡಿಯ ಸಂಖ್ಯೆ ಹಾಕಿದರೆ ಬಾಕಿ ದಂಡ, ವಿಮೆ, ಯೋಗ್ಯತಾ ಪತ್ರದ ಅವಧಿ ಎಲ್ಲವೂ ಕಾಣುತ್ತವೆ. ನಮ್ಮಲ್ಲಿ ಸಹಿ ಹಾಕಿದ ಖಾಲಿ ನಮೂನೆಗಳನ್ನು ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಗಾಡಿ ಓಡಿಸುವವರಿದ್ದಾರೆ. 2018ರಲ್ಲಿ ನವೀನ್ ಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟು ಕೈ ಬದಲಾದರೂ ಅಪಘಾತದ ಪರಿಹಾರಕ್ಕೆ ಹೊಣೆ ದಾಖಲೆಯಲ್ಲಿ ಹೆಸರಿರುವವನೇ. ಆದುದರಿಂದ ಮಾರಿದವರ ಮನೆಯವರೂ ಇದನ್ನು ಓದಬೇಕು.

ಎರಡು ಅನುಕೂಲಗಳನ್ನು ಹೇಳದಿದ್ದರೆ ಅನ್ಯಾಯವಾದೀತು. ಹೊರೆಸಹಿತ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟು ಬೇಡ. ಪಿಕಪ್ಪುಗಳಲ್ಲಿ ಕೆಲವು ಮಾದರಿಗಳು ಈ ಗೆರೆಯ ಒಳಗೂ ಕೆಲವು ಹೊರಗೂ ಇರುವುದರಿಂದ ನೋಂದಣಿ ಪತ್ರದ ತೂಕ ನೋಡಿಕೊಳ್ಳಬೇಕು. ಲಘು ವಾಹನದ ಪರವಾನಗಿ ಉಳ್ಳವರು 7,500 ಕಿಲೋ ತೂಕದವರೆಗಿನ ಸಾಗಣೆ ಗಾಡಿಯನ್ನು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಇಡಗುಂಜಿಗೋ ಮುರ್ಡೇಶ್ವರಕ್ಕೋ ಬಂಧುಬಳಗವನ್ನೆಲ್ಲ ಹಿಂದೆ ಕೂರಿಸಿಕೊಂಡು ಹೊರಡುವ ಉತ್ಸಾಹಕ್ಕೆ ಮಾತ್ರ ವಿಮೆಯ ಬೆಂಬಲವಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಕುಳಿತು ಬಂದವರ ಹೊಣೆಯನ್ನು ವಿಮಾ ಕಂಪನಿ ಹೊರುವುದಿಲ್ಲ.

ಕೊಳ್ಳುವ ಕಾಲವೂ ಮುಖ್ಯ. ಆಗಸ್ಟಿನಲ್ಲಿ ಬೋಟುಗಳು ನೀರಿಗಿಳಿಯುವ ಮುನ್ನಾದಿನಗಳಲ್ಲಿ ಎಲ್ಲರಿಗೂ ಗಾಡಿ ಬೇಕು; ಆಗ ಚೌಕಾಸಿಗೆ ಎಡೆಯಿಲ್ಲ. ಜೂನಿನ ಕೊನೆಯ ವಾರ ಹೋಗಿ ನೋಡಿ. ಗಿರಾಕಿಗಳು ವಿರಳ, ಮಾರುವವನಿಗೆ ಕಂತಿನ ಚಿಂತೆ. ಸುರಿಯುವ ಮಳೆಯಲ್ಲಿ ಅಂಗಳದಲ್ಲಿ ನಿಂತ ಗಾಡಿಯ ಬಾಗಿಲು ತೆರೆದು ಒಳಗೆ ಹತ್ತು ನಿಮಿಷ ಕುಳಿತರೆ, ನೀರು ಎಲ್ಲೆಲ್ಲಿ ಸೋರುತ್ತದೆಂದು ಅದೇ ತೋರಿಸಿಕೊಡುತ್ತದೆ.