ಹೆಬ್ಬೆರಳ ಬುಡದ ಕೀಲುನೋವು: ಕೃತಕ ಕೀಲು ಎಷ್ಟು ಕಾಲ ಬಾಳುತ್ತದೆ?

ಕಡಲೆಕಾಯಿ ಸುಲಿಯುವಾಗ, ಹಾಲು ಕರೆಯುವಾಗ, ಕುಡುಗೋಲು ಹಿಡಿದು ಕೊಯ್ಯುವಾಗ ಹೆಚ್ಚಿನ ಶ್ರಮ ಬೀಳುವುದು ಹೆಬ್ಬೆರಳಿನ ಬುಡದ ಕೀಲಿಗೆ. ಬೆರಳ ತುದಿಯಲ್ಲಿ 1 ಕಿ.ಗ್ರಾಂ. ಬಲದಿಂದ ಚಿವುಟಿ ಹಿಡಿದರೆ, ಈ ಕೀಲಿನ ಮೇಲೆ ಸುಮಾರು 12 ಕಿ.ಗ್ರಾಂ. ಒತ್ತಡ ಬೀಳುತ್ತದೆಂದು ಲೆಕ್ಕ ಹಾಕಲಾಗಿದೆ. ವಯಸ್ಸಾದಂತೆ ಕೀಲಿನ ಮೆತ್ತನೆಯ ಹೊದಿಕೆ ಸವೆದು ಮೂಳೆಗೆ ಮೂಳೆ ಉಜ್ಜುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಈ ತೊಂದರೆ ಹೆಚ್ಚು.

ಮೊದಲು ಮಾಡಬೇಕಾದುದು: ಕೀಲಿಗೆ ಆಸರೆಪಟ್ಟಿ ಕಟ್ಟುವುದು, ಉಪಕರಣಗಳ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು ಮತ್ತು ವೈದ್ಯರು ಹೇಳಿದ ಔಷಧಿ ಬಳಸುವುದು. ಇವುಗಳಿಂದ ಗುಣ ಕಾಣದಿದ್ದಲ್ಲಿ ಮಾತ್ರ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬೇಕು. ಇದರಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ.

1. ಮೂಳೆ ತೆಗೆಯುವುದು: ಕೀಲಿನಡಿಯ ಚಿಕ್ಕ ಮೂಳೆಯನ್ನು ಪೂರ್ತಿ ತೆಗೆಯುವ ಈ ಕ್ರಮ 1949 ರಿಂದಲೂ ಪ್ರಚಾರದಲ್ಲಿದೆ. ಹೆಬ್ಬೆರಳು ಸ್ವಲ್ಪ ಗಿಡ್ಡವಾಗುತ್ತದೆ. ಹಿಡಿತದ ಬಲ ಮರಳಲು ಹಲವು ತಿಂಗಳು ಬೇಕು. ಆದರೆ ನೋವಿನ ಶಮನ ಬಹುಮಂದಿಗೆ ವರ್ಷಗಟ್ಟಲೆ ಉಳಿಯುತ್ತದೆ. ಒಳಗೆ ಸಡಿಲಗೊಳ್ಳುವ ಅಥವಾ ಸವೆಯುವ ಕೃತಕ ಭಾಗ ಯಾವುದೂ ಇರುವುದಿಲ್ಲ.

2. ಕೃತಕ ಕೀಲು: ಗುಂಡು ಮತ್ತು ಬಟ್ಟಲಿನ ಮಾದರಿಯ ಈ ಕೀಲು 1970 ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದಿತು. ಕೈ ಬೇಗ ಕೆಲಸಕ್ಕೆ ಬರುತ್ತದೆ. ಬೆರಳಿನ ಉದ್ದವೂ ಉಳಿಯುತ್ತದೆ. ಆದರೆ ಬಟ್ಟಲನ್ನು ಕೂರಿಸುವ ಮೂಳೆ ಬಲು ಚಿಕ್ಕದು. ಸಡಿಲ ಮಣ್ಣಿನಲ್ಲಿ ನೆಟ್ಟ ಬೇಲಿಗೂಟದಂತೆ ಅದು ಕಾಲಕ್ರಮೇಣ ಅಲುಗಾಡಬಹುದು. ಗುಂಡು ಜಾರಿ ಹೊರಬರಲೂಬಹುದು. ಹಳೆಯ ಮಾದರಿಗಳಲ್ಲಿ ಈ ದೋಷಗಳು ಹೆಚ್ಚಾಗಿದ್ದವು. ಈಚಿನ ಕೆಲವು ಉತ್ತಮ ಮಾದರಿಗಳಲ್ಲಿ 10 ವರ್ಷಗಳ ನಂತರವೂ ನೂರಕ್ಕೆ ಸುಮಾರು 90 ಕೀಲುಗಳು ಸ್ಥಾನದಲ್ಲಿ ಉಳಿದಿರುವುದು ಕಂಡುಬಂದಿದೆ. ಕೆಟ್ಟರೆ ಅದನ್ನು ತೆಗೆದು ಮೊದಲನೆಯ ಕ್ರಮ ಅನುಸರಿಸಬಹುದು. ಆದರೆ ಅದು ಇನ್ನೊಂದು ಶಸ್ತ್ರಚಿಕಿತ್ಸೆಯೇ ಸರಿ.

ಆದುದರಿಂದ ಸನಿಕೆ, ಗುದ್ದಲಿ ಹಿಡಿದು ದುಡಿಯುವವರು ಕೇವಲ ಬೇಗ ಗುಣವಾಗುವುದೆಂಬ ಕಾರಣಕ್ಕೆ ಕೃತಕ ಕೀಲನ್ನು ಆರಿಸಬಾರದು. ತಮ್ಮ ಕೆಲಸದ ಸ್ವರೂಪವನ್ನು ಮೂಳೆ ವೈದ್ಯರಿಗೆ ವಿವರವಾಗಿ ತಿಳಿಸಬೇಕು. ಹಾಕಲಿರುವ ಮಾದರಿಯ 10 ವರ್ಷಗಳ ಫಲಿತಾಂಶವನ್ನು ಕೇಳಿ ತಿಳಿಯಬೇಕು. ಯಾವ ಕ್ರಮವೇ ಆಗಲಿ, ತುರ್ತಿಲ್ಲದ ಈ ಚಿಕಿತ್ಸೆಯನ್ನು ಬಿತ್ತನೆಯ ಮುಂಚೆ ಇಟ್ಟುಕೊಳ್ಳದೆ, ಸುಗ್ಗಿ ಮುಗಿದು ಕೈಗೆ ಬಿಡುವಿರುವಾಗ ಮಾಡಿಸಿಕೊಳ್ಳುವುದು ಲೇಸು.