ಹಾವಿಗೂ ಡಾಕ್ಟರ್ ಬೇಕು!

ಮನೆಗೆ ಹೊಸ ನಾಯಿಮರಿ ಬಂದರೆ ಮೊದಲು ಪಶುವೈದ್ಯರಿಗೆ ತೋರಿಸುತ್ತೇವೆ. ಹಾವು ಬಂದರೆ? ಕೆಲವು ದೇಶಗಳಲ್ಲಿ ಹಾವು ಸಾಕುವವರು ಅದನ್ನೂ ಬಟ್ಟೆಯ ಚೀಲದಲ್ಲಿಟ್ಟು ವೈದ್ಯರ ಬಳಿಗೆ ಒಯ್ಯುತ್ತಾರೆ. ವೈದ್ಯರು ತೂಕ ನೋಡಿ, ಬಾಯಿ ಬಿಡಿಸಿ, ಹುರುಪೆಗಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ಪರೀಕ್ಷಿಸುತ್ತಾರೆ.

ಸುಳ್ಯ ತಾಲೂಕಿನ ಪಂಜದ ಮಕ್ಕಳಿಗೆ ಹಾವು ಹೊಸದಲ್ಲ. ತೋಟದಲ್ಲಿ ಇಲಿ ಹುಡುಕುವ ಕೇರೆ ಹಾವು, ತೋಡಿನಲ್ಲಿ ನೀರು ಹಾವು, ಮರಗಳ ನೆರಳಲ್ಲಿ ನಾಗಬನ. ಕುಕ್ಕೆ ಸುಬ್ರಹ್ಮಣ್ಯವೂ ಹತ್ತಿರವೇ. "ಅಮ್ಮಾ, ಇದನ್ನು ಸಾಕೋಣವೇ?" ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ಹಾಗಾದರೆ ನಮ್ಮಲ್ಲಿ ಹಾವು ಡಾಕ್ಟರ ಬಳಿಗೆ ಹೋಗುವುದೇ ಇಲ್ಲವೇ? ಹೋಗುತ್ತದೆ, ಗಾಯವಾದಾಗ!

ನಮ್ಮ ಜಿಲ್ಲೆಯಲ್ಲೇ 2023ರಲ್ಲಿ ಹೀಗೊಂದು ಘಟನೆ ನಡೆಯಿತು. ಬಂಟ್ವಾಳ ತಾಲೂಕಿನ ವಗ್ಗದ ಬಳಿ ಗಾಯಗೊಂಡ ನಾಗರಹಾವೊಂದು ಸಿಕ್ಕಿತು. ಹಾವು ರಕ್ಷಕರು ಅದನ್ನು ಮಂಗಳೂರಿಗೆ, ಪಶುವೈದ್ಯ ಡಾ. ಯಶಸ್ವಿ ನಾರಾವಿ ಅವರ ಬಳಿಗೆ ತಂದರು. ಗಾಯ ನೋಡುವಾಗ ಹೊಟ್ಟೆ ಯಾಕೋ ಗಟ್ಟಿಯಾಗಿತ್ತು. ಎಕ್ಸ್‌ರೇ ತೆಗೆದರೆ ಒಳಗೆ ಪ್ಲಾಸ್ಟಿಕ್ ಡಬ್ಬಿ! ಅರಿವಳಿಕೆ ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆದರು. ಆರೈಕೆಯಿಂದ ಗುಣವಾದ ಹಾವನ್ನು ಕಾಡಿಗೆ ಬಿಟ್ಟರು.

ಹಾವಿನ ಚಿಕಿತ್ಸೆ ಸುಲಭವಲ್ಲ. ವಿಷದ ಹಾವಾದರೆ ಅದರ ತಲೆಯನ್ನು ಪಾರದರ್ಶಕ ಕೊಳವೆಯೊಳಗೆ ಹೋಗಲು ಬಿಡುತ್ತಾರೆ. ಆಗ ಅದು ಕಚ್ಚಲಾರದು, ವೈದ್ಯರಿಗೆ ಮೈಯೂ ಕಾಣುತ್ತದೆ. ಹಾವಿನದು ಶೀತರಕ್ತ. ಮೈ ತಣ್ಣಗಿದ್ದರೆ ಔಷಧ ನಿಧಾನವಾಗಿ ಕೆಲಸ ಮಾಡುತ್ತದೆ, ಆದ್ದರಿಂದ ಬೆಚ್ಚಗಿಡಬೇಕು. ಹೊಲಿಗೆ ಹಾಕಿದ ಗಾಯ ಮಾಯಲು ನಮಗಿಂತ ಹೆಚ್ಚು ದಿನ ಬೇಕು. ಹಾಲು ಕುಡಿಸಿದರೆ ಚೇತರಿಸಿಕೊಳ್ಳುತ್ತದೆ ಎನ್ನುವುದು ತಪ್ಪು. ಹಾಲು ಹಾವಿನ ಆಹಾರವೇ ಅಲ್ಲ.

ಆ ನಾಗರಹಾವಿಗೆ ಡಬ್ಬಿ ಕಾಡಿನಿಂದ ಸಿಕ್ಕಿರಲಿಲ್ಲ. ಯಾರೋ ಎಸೆದದ್ದೇ ಅದರ ಹೊಟ್ಟೆ ಸೇರಿತ್ತು. ಕಸ ಎಲ್ಲೆಂದರಲ್ಲಿ ಎಸೆಯದಿರುವುದು, ತರಕಾರಿಗೆ ಕಟ್ಟಿದ ಹಳೆಯ ಬಲೆಯನ್ನು ಸುತ್ತಿ ಒಳಗಿಡುವುದು, ಇಷ್ಟನ್ನು ಮಕ್ಕಳೂ ಮಾಡಬಹುದು.

ಗಾಯಗೊಂಡ ಹಾವು ಕಂಡರೆ ಮುಟ್ಟಬೇಡಿ, ಕೋಲಿನಿಂದ ಕೆದಕಬೇಡಿ. ನಾಯಿ, ಬೆಕ್ಕುಗಳನ್ನು ದೂರವಿಟ್ಟು ದೊಡ್ಡವರನ್ನು ಕರೆಯಿರಿ. ಅವರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಲಿ. ನೀವು ದೂರ ನಿಂತು, ಹಾವು ಎತ್ತ ಹೋಯಿತು ಎಂದು ನೋಡಿಕೊಂಡಿರಿ. ಬಂದವರಿಗೆ ಅದನ್ನು ಹೇಳಿದರೆ ಸಾಕು, ಹಾವಿಗೆ ಡಾಕ್ಟರ್ ಸಿಗಲು ನೀವೂ ನೆರವಾದಂತೆ!