ಹೊಲದ ಮಣ್ಣು, ಕೆರೆಯ ಗೋಡು

ಚಿಕ್ಕಜಾಲದಲ್ಲಿ ನದಿಯಿಲ್ಲ. ಯಲಹಂಕದಿಂದ ದೇವನಹಳ್ಳಿಯತ್ತ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಹಳೆಯ ಕೋಟೆಯ ಕಲ್ಲುಗೋಡೆ ಕಣ್ಣಿಗೆ ಬಿದ್ದು ಮರೆಯಾಗುವಷ್ಟರಲ್ಲಿ ಊರು ದಾಟಿರುತ್ತದೆ. ಹೆಸರಿನಲ್ಲಿರುವ ‘ಜಾಲ’ವನ್ನು ‘ಜಲ’ವೆಂದು ಓದಿಕೊಳ್ಳುವ ಆಸೆ ನನಗೂ ಆದದ್ದುಂಟು; ಆದರೆ ದೀರ್ಘವನ್ನು ನುಂಗಿ ನೀರು ತರಿಸುವುದು ನ್ಯಾಯವಲ್ಲ. ಹೀಗಿದ್ದೂ ನದಿಗಳು ನೆಲವನ್ನು ರೂಪಿಸುವ ಬಗೆಯನ್ನು ಕುರಿತ ಈ ಮಾತಿಗೆ ಈ ಊರನ್ನೇ ಆರಿಸಿಕೊಂಡಿದ್ದೇನೆ. ನದಿಯ ಕೆಲಸವನ್ನು ನಾನು ಮೊದಲು ಕಂಡದ್ದು ಇಲ್ಲಿ, ನಮ್ಮ ತಾತನ ರಾಗಿಹೊಲದಲ್ಲಿ.

ಹೊಲದ ತಗ್ಗಿನ ಅಂಚಿನಲ್ಲಿ ಒಂದು ಕೊರಕಲಿತ್ತು. ನೀರು ಮೇಲಿನಿಂದ ಇಳಿಯುವುದಾದರೂ ಕೊರಕಲು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ ಎಂಬುದು ಹುಡುಗನಾದ ನನಗೆ ದೊಡ್ಡ ಸೋಜಿಗವಾಗಿತ್ತು. ಅಂಚಿನಿಂದ ಧುಮುಕುವ ನೀರು ಬುಡವನ್ನು ತೋಡುತ್ತದೆ, ಆಸರೆ ತಪ್ಪಿದ ಮೇಲ್ಮಣ್ಣು ಕುಸಿಯುತ್ತದೆ, ಅಂಚು ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ನದಿಗಳೂ ತಮ್ಮ ತಲೆಯನ್ನು ಬೆಟ್ಟದೊಳಕ್ಕೆ ಚಾಚಿಕೊಳ್ಳುವುದು ಹೀಗೆಯೇ. ಬಂಡೆಯನ್ನು ಕಡೆಯುವಾಗ ಮಾತ್ರ ಬರಿಯ ನೀರು ಸಾಲದು. ಅದು ಹೊತ್ತು ತರುವ ಮರಳು ಮತ್ತು ಗುಂಡುಕಲ್ಲುಗಳೇ ಅದರ ಉಳಿ. ಮೇಕೆದಾಟಿನಲ್ಲಿ ಕಾವೇರಿಯ ಬಂಡೆಗಳ ಮೇಲೆ ಕಾಣುವ ಒರಳಿನಂಥ ಗುಂಡಿಗಳು ಸುಳಿಯಲ್ಲಿ ಸಿಕ್ಕಿದ ಕಲ್ಲುಗಳು ತಿರುತಿರುಗಿ ಅರೆದು ಮಾಡಿದವು.

ಹೊತ್ತೊಯ್ಯುವ ಶಕ್ತಿಯ ಲೆಕ್ಕ ಬೆರಗುಗೊಳಿಸುವಂಥದು. ಪ್ರವಾಹದ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಇಮ್ಮಡಿಯಾಗುವುದಿಲ್ಲ. ಸುಮಾರು 64 ಪಟ್ಟಾಗುತ್ತದೆ. ಆದುದರಿಂದಲೇ ವರ್ಷವಿಡೀ ಆಗದ ಕೆಲಸ ಒಂದು ರಾತ್ರಿಯ ಬಿರುಮಳೆಯಲ್ಲಿ ಮುಗಿದುಹೋಗುತ್ತದೆ. ಗುಂಡುಕಲ್ಲು ತಳದಲ್ಲಿ ಉರುಳುತ್ತದೆ, ಮರಳು ಕುಪ್ಪಳಿಸುತ್ತದೆ, ಜೇಡಿ ನೀರಿನಲ್ಲಿ ತೇಲಿಹೋಗುತ್ತದೆ, ಲವಣಗಳು ಕರಗಿ ಕಣ್ಣಿಗೆ ಕಾಣದೆ ಸಾಗುತ್ತವೆ. ವಿಚಿತ್ರವೆಂದರೆ, ಮರಳಿಗಿಂತ ನುಣುಪಾದ ಜೇಡಿಯನ್ನು ಕಿತ್ತೆಬ್ಬಿಸುವುದು ಕಷ್ಟ, ಅದರ ಕಣಗಳು ಒಂದನ್ನೊಂದು ಅಪ್ಪಿಕೊಂಡಿರುತ್ತವೆ. ಒಮ್ಮೆ ಎದ್ದಿತೆಂದರೆ ಮಾತ್ರ ಅದು ಸುಲಭವಾಗಿ ಕೆಳಗಿಳಿಯದು.

ಚಿಕ್ಕಜಾಲದ ಉತ್ತರಕ್ಕೆ 1478 ಮೀಟರ್ ಎತ್ತರದ ನಂದಿಬೆಟ್ಟವಿದೆ. ಆ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಬಳಿ ಹಾದು ತೆಂಕಣದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡನ್ನು ಹಾದು ಕಡಲೂರಿನ ಬಳಿ ಸಮುದ್ರಕ್ಕಿಳಿಯುತ್ತದೆ. ಇಲ್ಲಿಯ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಮಳೆ ಬಿಸಿಲುಗಳಲ್ಲಿ ಶಿಲೆಯ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಹಟಮಾರಿ ಬೆಣಚುಕಲ್ಲು ಮರಳಾಗಿ ಉಳಿಯುತ್ತದೆ, ಕಬ್ಬಿಣದ ಅಂಶ ತುಕ್ಕುಹಿಡಿದು ಕೆಮ್ಮಣ್ಣಿಗೆ ಬಣ್ಣ ಕೊಡುತ್ತದೆ. ತಂಜಾವೂರಿನ ಗದ್ದೆಗಳ ಮೆಕ್ಕಲಿನಲ್ಲಿ ಕೊಡಗಿನ ಮಣ್ಣಷ್ಟೇ ಅಲ್ಲ, ನಮ್ಮ ಕಡೆಯದೂ ಒಂದಿಷ್ಟು ಇದ್ದೀತು. ಈಗ ಬಹುಪಾಲು ಅಷ್ಟು ದೂರ ಹೋಗದು: ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಕಟ್ಟೆಗಳು ಬಂದವು, ಕಾವೇರಿಗೆ ಮೆಟ್ಟೂರಿನಲ್ಲಿ 1934ರಲ್ಲಿ. ನಿಂತ ನೀರು ಹೊರೆಯನ್ನು ಇಳಿಸಲೇಬೇಕು.

ನಮ್ಮ ಊರುಗಳಲ್ಲಿ ಈ ಹೊರೆ ಇಳಿಯುವ ತಾಣ ಕೆರೆ. ಕಾಲುವೆ ಕೆರೆಯನ್ನು ಸೇರುವಲ್ಲಿ ವೇಗ ತಗ್ಗಿ ಮೊದಲು ಗರಸು, ಅನಂತರ ಮರಳು ಬೀಳುತ್ತದೆ. ಜೇಡಿ ಏರಿಯ ಬುಡದವರೆಗೆ ತೇಲಿಬಂದು ತೂಬಿನ ಬಳಿ ಕೂರುತ್ತದೆ. ಪಠ್ಯಪುಸ್ತಕದ ಮುಖಜ ಭೂಮಿಯ ಪುಟ್ಟ ಪ್ರತಿಕೃತಿ ಅದು. ಬೇಸಗೆಯಲ್ಲಿ ಕೆರೆ ಬತ್ತಿದಾಗ ತಾತ ಗಾಡಿ ಹೂಡಿ ಆ ಗೋಡನ್ನು ತಂದು ಹೊಲಕ್ಕೆ ಚೆಲ್ಲುತ್ತಿದ್ದರು. ಮಳೆ ಒಯ್ದದ್ದನ್ನು ಎತ್ತು ಮರಳಿ ತರುತ್ತಿತ್ತು. ಗಾಡಿಗಳು ನಿಂತವು, ಹೂಳು ಮಾತ್ರ ನಿಲ್ಲಲಿಲ್ಲ. ನಗರ ಬೆಳೆದಂತೆ ಮರಳಿನ ಹಸಿವೂ ಬೆಳೆಯಿತು. ಹೊಲದ ಮಣ್ಣನ್ನೇ ತೊಳೆದು ‘ಫಿಲ್ಟರ್ ಮರಳು’ ತೆಗೆಯುವ ದಂಧೆ ಬೆಂಗಳೂರಿನ ಸುತ್ತ ಹಬ್ಬಿತು. ನದಿ ಸಾವಿರಾರು ವರ್ಷಗಳಲ್ಲಿ ಸಾವಕಾಶವಾಗಿ ಬೇರ್ಪಡಿಸುವುದನ್ನು ಪಂಪು ಒಂದೇ ದಿನದಲ್ಲಿ ಬೇರ್ಪಡಿಸುತ್ತದೆ. ಹಿಂದುಳಿಯುವುದು ಬೆಳೆ ಬಾರದ ಹೊಂಡ. ಇದನ್ನು ನೆನೆದಾಗ ನನಗೆ ಸಿಟ್ಟು ಬರುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ತಾತ ಭೂಗೋಳ ಓದಿದವರಲ್ಲ. ಕೊರಕಲಿಗೆ ಅಡ್ಡಲಾಗಿ ಮೊಣಕಾಲೆತ್ತರದ ಕಲ್ಲುಕಟ್ಟನ್ನು ಸುಣ್ಣ ಗಾರೆಯಿಲ್ಲದೆ ಪೇರಿಸಿದರು. “ನೀರು ಹೋಗಲಿ ಬಿಡಪ್ಪ, ಮಣ್ಣು ಇರಲಿ” ಎಂದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲಿನ ಹಿಂದೆ ಚಾಪೆಯಗಲದ ಮಟ್ಟಸ ನೆಲ ಕೂಡಿತ್ತು. ಮೂರನೆಯ ವರ್ಷ ಅವರು ಅದರಲ್ಲಿ ಅವರೆ ಹಾಕಿದರು.